ಕಬ್ಬಿನ ನಿರಂತರ ಬಹುಹಂತ ಸಂಸ್ಕರಣೆ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ

ಕಬ್ಬಿನ ನಿರಂತರ ಬಹುಹಂತ ಸಂಸ್ಕರಣೆ ಎಂದರೆ, ಅರೆದ ಕಬ್ಬಿನ ರಸವನ್ನು ಎಲ್ಲೂ ತಂಗಲು ಬಿಡದೆ ಒಂದಕ್ಕೊಂದು ಜೋಡಿಸಿದ ಪಾತ್ರೆ, ಕೊಳವೆ ಮತ್ತು ಗೋಪುರಗಳ ಸಾಲಿನಲ್ಲಿ ಹರಿಸಿ, ಹಂತಹಂತವಾಗಿ ಸಕ್ಕರೆ, ಕಾಕಂಬಿ, ಮದ್ಯಸಾರ ಮತ್ತು ಅವುಗಳಿಂದ ಹುಟ್ಟುವ ರಾಸಾಯನಿಕಗಳನ್ನು ಪಡೆಯುವ ಕೈಗಾರಿಕಾ ವಿಧಾನ. ಕರ್ನಾಟಕದ ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು ಈ ವಿಧಾನವೂ ಅದಕ್ಕೆ ಬೇಕಾದ ಕಬ್ಬಿನ ಕೃಷಿಯೂ ದೀರ್ಘಕಾಲದಿಂದ ನಡೆದುಬಂದಿರುವ ನೆಲ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದಂದಿನಿಂದ ಇಲ್ಲಿನ ಕೃಷಿ, ನೀರಾವರಿ ಮತ್ತು ರಾಸಾಯನಿಕ ಉದ್ಯಮ ಮೂರೂ ಒಂದೇ ಸರಪಳಿಯಾಗಿ ಬೆಳೆದಿವೆ. ಸಂಕೀರ್ಣ ಅಣುಗಳನ್ನು ನಿರಂತರ ಹರಿವಿನಲ್ಲಿ ಕಟ್ಟುವ ಆಧುನಿಕ ರಸಾಯನಶಾಸ್ತ್ರದ ಮೂಲತತ್ತ್ವಗಳೆಲ್ಲ ಈ ಉದ್ಯಮದಲ್ಲಿ ದೊಡ್ಡ ಗಾತ್ರದಲ್ಲಿ ಕಾಣಸಿಗುತ್ತವೆ.

ಪರಿಭಾಷೆ

ತಂಡ ವಿಧಾನ: ಒಂದು ಪಾತ್ರೆಯನ್ನು ತುಂಬಿ, ಕ್ರಿಯೆ ಮುಗಿಸಿ, ಬರಿದು ಮಾಡಿ, ಮತ್ತೆ ತುಂಬುವ ಕ್ರಮ.

ನಿರಂತರ ವಿಧಾನ: ಒಂದು ತುದಿಯಿಂದ ಕಚ್ಚಾವಸ್ತು ಒಳಹೋಗುತ್ತಿರುವಾಗಲೇ ಇನ್ನೊಂದು ತುದಿಯಿಂದ ಉತ್ಪನ್ನ ಹೊರಬರುತ್ತಿರುವ ಕ್ರಮ.

ವಾಸಕಾಲ: ದ್ರವದ ಒಂದು ಪಾಲು ಒಂದು ಪಾತ್ರೆಯೊಳಗೆ ಕಳೆಯುವ ಸರಾಸರಿ ಸಮಯ. ಪಾತ್ರೆಯ ಗಾತ್ರವನ್ನು ಹರಿವಿನ ದರದಿಂದ ಭಾಗಿಸಿದರೆ ಇದು ಸಿಗುತ್ತದೆ.

ಸ್ಥಿರಸ್ಥಿತಿ: ಸಾಲಿನ ಪ್ರತಿ ಬಿಂದುವಿನಲ್ಲೂ ಉಷ್ಣತೆ, ಸಾಂದ್ರತೆ ಮತ್ತು ಹರಿವು ಕಾಲದೊಂದಿಗೆ ಬದಲಾಗದೆ ಉಳಿಯುವ ಸ್ಥಿತಿ.

ಬ್ರಿಕ್ಸ್: ದ್ರಾವಣದ 100 ಭಾಗ ತೂಕದಲ್ಲಿ ಕರಗಿರುವ ಘನಪದಾರ್ಥದ ತೂಕ.

ಪೋಲ್: ಧ್ರುವೀಕೃತ ಬೆಳಕಿನ ತಿರುಗುವಿಕೆಯಿಂದ ಅಳೆದ ಸುಕ್ರೋಸ್‌ನ ಪ್ರಮಾಣ. ಪೋಲ್ ಅನ್ನು ಬ್ರಿಕ್ಸ್‌ನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಶುದ್ಧತೆ.

ಇಳುವರಿ: ಈ ಲೇಖನದಲ್ಲಿ, ಅರೆದ 100 ಟನ್ ಕಬ್ಬಿನಿಂದ ಚೀಲ ಸೇರುವ ಸಕ್ಕರೆಯ ಟನ್ನುಗಳು.

ಸಿಪ್ಪೆ ಎಂದರೆ ರಸ ಹಿಂಡಿದ ಮೇಲೆ ಉಳಿಯುವ ನಾರು. ಕಾಕಂಬಿ ಎಂದರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ದ್ರವ. ಮಡ್ಡಿ ಎಂದರೆ ರಸವನ್ನು ತಿಳಿಗೊಳಿಸುವಾಗ ತಳಕ್ಕೆ ಕೂರುವ ಕೆಸರು. ಆಲೆಮನೆ ಎಂದರೆ ಬೆಲ್ಲ ತಯಾರಿಸುವ ಸ್ಥಳ.

ಹಿನ್ನೆಲೆ

ಕಾವೇರಿ ಬಯಲಿನಲ್ಲಿ ಕಬ್ಬಿನ ಕೃಷಿ ಮತ್ತು ಬೆಲ್ಲದ ತಯಾರಿಕೆ ಕಾರ್ಖಾನೆಗಳಿಗಿಂತ ಬಹಳ ಹಳೆಯದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮದ್ದೂರಿಗೆ ನೆರೆಯ ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉತ್ತಮ ಸಕ್ಕರೆಯನ್ನು ದಾಖಲಿಸಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಅದು ಕಬ್ಬನ್ನು ನೇರವಾಗಿ ಅರೆಯದೆ, ರೈತರು ತಯಾರಿಸಿದ ಬೆಲ್ಲವನ್ನು ಕೊಂಡು ಕರಗಿಸಿ ಶುದ್ಧೀಕರಿಸುತ್ತಿತ್ತು. ಅದರ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಸಿಕ್ಕಿತು.

ದೊಡ್ಡ ಪ್ರಮಾಣದ ನಿರಂತರ ಸಂಸ್ಕರಣೆಗೆ ಬೇಕಾದುದು ವರ್ಷದ ಬಹುಪಾಲು ತಪ್ಪದೆ ಬರುವ ಕಬ್ಬು, ಅದಕ್ಕೆ ಬೇಕಾದುದು ತಪ್ಪದ ನೀರು. ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಮುಗಿಯಿತು. ಅದರಿಂದ ಹೊರಟ ಇರ್ವಿನ್ ನಾಲೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಹುಲಿಕೆರೆ ಸುರಂಗದ ಮೂಲಕ ಬೆಟ್ಟ ದಾಟಿ ಬರುವ ಈ ನಾಲೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಒಣಭೂಮಿಗೆ ನೀರುಣಿಸಿತು. ಹೊಸ ಅಚ್ಚುಕಟ್ಟಿನ ಬೆಳೆಗಳ ಪ್ರಯೋಗಕ್ಕೆಂದು 1931ರಲ್ಲಿ ಮಂಡ್ಯದ ಬಳಿ ತೆರೆದ ನಾಲಾ ಫಾರಂ ಇಂದು ವಿ.ಸಿ. (ವಿಶ್ವೇಶ್ವರಯ್ಯ ಕೆನಾಲ್) ಫಾರಂ ಎಂದು ಪ್ರಸಿದ್ಧ.

1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆಯನ್ನು ತಂದು ಆಮದು ಸಕ್ಕರೆಯ ಮೇಲೆ ಸುಂಕ ಹಾಕಿತು. ಮರುವರ್ಷವೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಕ್ಕರೆ ಕಂಪನಿ ನೋಂದಣಿಯಾಯಿತು. ಇದರ ಹಿಂದಿನ ಮುಖ್ಯ ಶಕ್ತಿ ಕೆನಡಾ ಮೂಲದ ಕೃಷಿ ವಿಜ್ಞಾನಿ, ಮೈಸೂರು ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್. ಕಾರ್ಖಾನೆ 1934ರಲ್ಲಿ ಕಬ್ಬು ಅರೆಯಲು ಆರಂಭಿಸಿತು. ಸರ್ಕಾರದ ಜೊತೆ ಕಬ್ಬು ಬೆಳೆಗಾರರೂ ಷೇರುದಾರರಾದ ಈ ಸಂಸ್ಥೆಯನ್ನು ಜನ ‘ಮೈಷುಗರ್’ ಎಂದೇ ಕರೆಯುತ್ತಾರೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಕಾರ್ಖಾನೆ ಬಂದ ಮೇಲೆ, 1939ರಲ್ಲಿ.

ತಳಿಗಳು

ಕಾರ್ಖಾನೆಯ ಲೆಕ್ಕ ಗದ್ದೆಯ ತಳಿಯಿಂದ ಆರಂಭವಾಗುತ್ತದೆ. ಮೈಸೂರು ಕೃಷಿ ಇಲಾಖೆ ಹೆಬ್ಬಾಳದಲ್ಲಿ ಎಚ್‌ಎಂ 320ರಂಥ ತಳಿಗಳನ್ನು ಬೆಳೆಸಿತು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಸಿಓ 419, ಅದರ ಸಂತತಿಯ ಸಿಓ 62175, ಬಳಿಕ ಸಿಓ 86032 ಈ ಸೀಮೆಯಲ್ಲಿ ಹರಡಿದವು. ಸಿಓ 62175 ಬೆಲ್ಲಕ್ಕೂ ಹೆಸರಾದ ತಳಿ. ವಿ.ಸಿ. ಫಾರಂ ಬಿಡುಗಡೆ ಮಾಡಿದ ವಿಸಿಎಫ್ 0517 ಈಚಿನದು. ಹೊಸದಾಗಿ ನೆಟ್ಟ ಬೆಳೆಯನ್ನು ತನಿ ಎಂದೂ ಕಟಾವಿನ ನಂತರ ಬುಡದಿಂದ ಚಿಗುರುವ ಬೆಳೆಯನ್ನು ಕೂಳೆ ಎಂದೂ ಕರೆಯುತ್ತಾರೆ.

ಸುಕ್ರೋಸ್ ಅಣು ಮತ್ತು ಗಿಡದೊಳಗಿನ ಸಂಶ್ಲೇಷಣೆ

ಸಕ್ಕರೆಯ ರಾಸಾಯನಿಕ ಹೆಸರು ಸುಕ್ರೋಸ್, ಸೂತ್ರ ಸಿ₁₂ಎಚ್₂₂ಓ₁₁. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ಒಂದು ಆಮ್ಲಜನಕ ಸೇತುವೆಯಿಂದ ಬೆಸೆದು ಇದಾಗುತ್ತದೆ. ಈ ಅಣುವನ್ನು ಕಟ್ಟುವುದು ಕಾರ್ಖಾನೆಯಲ್ಲ, ಕಬ್ಬಿನ ಎಲೆ.

ಎಲೆಯ ನಡುಪದರದ ಕೋಶಗಳಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಸೆರೆಯಾಗುತ್ತದೆ. ಆ ಆಮ್ಲ ನಾಳದ ಸುತ್ತಲಿನ ಕವಚಕೋಶಗಳಿಗೆ ಸಾಗಿ, ಅಲ್ಲಿ ಅನಿಲವನ್ನು ಬಿಟ್ಟುಕೊಡುತ್ತದೆ. ಅದರಿಂದ ಮೂರು ಇಂಗಾಲದ ಫಾಸ್ಫೇಟ್‌ಗಳು ತಯಾರಾಗುತ್ತವೆ. ಮಾರ್ಷಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಆಸ್ಟ್ರೇಲಿಯಾದಲ್ಲಿ 1966ರಲ್ಲಿ ಈ ‘ಸಿ4’ ಮಾರ್ಗವನ್ನು ವಿವರಿಸಿದ್ದು ಕಬ್ಬಿನ ಎಲೆಗಳ ಅಧ್ಯಯನದಿಂದಲೇ. ಮುಂದೆ ಸಕ್ರಿಯಗೊಂಡ ಗ್ಲೂಕೋಸ್ ಫ್ರಕ್ಟೋಸ್ ಫಾಸ್ಫೇಟ್‌ನೊಂದಿಗೆ ಕೂಡಿ ಸುಕ್ರೋಸ್ ಫಾಸ್ಫೇಟ್ ಆಗುತ್ತದೆ; ಫಾಸ್ಫೇಟ್ ಕಳಚಿದಾಗ ಸುಕ್ರೋಸ್ ಉಳಿಯುತ್ತದೆ. ಅದು ನಾಳಗಳಲ್ಲಿ ಹರಿದು ಜಲ್ಲೆಯ ಕೋಶಗಳಲ್ಲಿ ಶೇಖರವಾಗುತ್ತದೆ. ಪ್ರತಿ ಹಂತಕ್ಕೂ ಬೇರೆ ಕಿಣ್ವ, ಹಂತಗಳಿಗೆ ತಕ್ಕಂತೆ ಬೇರೆ ಕೋಶಭಾಗ, ನಡುವೆ ನಿಲ್ಲದ ಸಾಗಣೆ: ಬಹುಹಂತದ ನಿರಂತರ ಸಂಶ್ಲೇಷಣೆಯ ಲಕ್ಷಣಗಳು ಇಲ್ಲಿ ಪೂರ್ಣವಾಗಿವೆ. ಇದೇ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಲು ರಸಾಯನಶಾಸ್ತ್ರಕ್ಕೆ 1953ರವರೆಗೆ ಕಾಯಬೇಕಾಯಿತು. ಕೆನಡಾದ ರೇಮಂಡ್ ಲೆಮ್ಯೂ ಮತ್ತು ಜಾರ್ಜ್ ಹ್ಯೂಬರ್ ಆ ವರ್ಷ ಅಲ್ಪ ಪ್ರಮಾಣದಲ್ಲಿ ಅದನ್ನು ಸಾಧಿಸಿದರು.

ಆಮ್ಲೀಯ ದ್ರಾವಣದಲ್ಲಿ, ಅದರಲ್ಲೂ ಬಿಸಿಯಲ್ಲಿ, ಸುಕ್ರೋಸ್ ನೀರಿನೊಂದಿಗೆ ಸೇರಿ ಮತ್ತೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇದಕ್ಕೆ ವಿಲೋಮನ ಎಂದು ಹೆಸರು. ಕಡಿದ ಕಬ್ಬಿನಲ್ಲಿ ಗಿಡದ್ದೇ ಕಿಣ್ವ ಈ ಕೆಲಸ ಮಾಡುತ್ತದೆ. ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ ಸುಕ್ರೋಸ್ ತಿಂದು ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಬಿಡುತ್ತದೆ. ಕಟಾವಾದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕೆಂಬ ನಿಯಮಕ್ಕೂ, ರಸವನ್ನು ನಿಲ್ಲಿಸದೆ ಹರಿಸಬೇಕೆಂಬ ನಿಯಮಕ್ಕೂ ಕಾರಣ ಇದೇ. ಸಕ್ಕರೆ ಗದ್ದೆಯಲ್ಲಿ ಆಗಿಹೋಗಿರುತ್ತದೆ. ಕಾರ್ಖಾನೆಯ ಪ್ರತಿ ಹಂತ ಅದನ್ನು ಕಳೆದುಕೊಳ್ಳದೆ ಬೇರ್ಪಡಿಸುವ ಉಪಾಯ.

ಪ್ರಕ್ರಿಯೆಯ ರಚನೆ

ದಿನಕ್ಕೆ 5,000 ಟನ್ ಅರೆಯುವ ಸಾಮರ್ಥ್ಯದ ಕಾರ್ಖಾನೆಗೆ ನಿಮಿಷಕ್ಕೆ ಸುಮಾರು 3.5 ಟನ್ ಕಬ್ಬು ಒಳಹೋಗುತ್ತಿರಬೇಕು. ಅದರಲ್ಲಿ ನೀರು ಶೇ 70ರಿಂದ 75, ನಾರು ಶೇ 10ರಿಂದ 16, ಸುಕ್ರೋಸ್ ಶೇ 10ರಿಂದ 15.

ಅರೆಯುವಿಕೆ: ಎತ್ತಿನ ಗಾಡಿ, ಟ್ರ್ಯಾಕ್ಟರ್ ಮತ್ತು ಲಾರಿಗಳಲ್ಲಿ ಬಂದ ಕಬ್ಬನ್ನು ತೂಗಿ, ಕತ್ತರಿಸುವ ಚಾಕುಗಳ ಮತ್ತು ಚೂರುಯಂತ್ರದ ಮೂಲಕ ಹಾಯಿಸುತ್ತಾರೆ. ನಂತರ ಸಾಲಾಗಿ ನಿಂತ ನಾಲ್ಕರಿಂದ ಆರು ಗಿರಣಿಗಳು ಅದನ್ನು ಹಿಂಡುತ್ತವೆ. ಪ್ರತಿ ಗಿರಣಿಯಲ್ಲಿ ಮುಖ್ಯವಾಗಿ ಮೂರು ಉರುಳೆಗಳಿರುತ್ತವೆ. ಕೊನೆಯ ಗಿರಣಿಗೆ ಹೋಗುವ ಸಿಪ್ಪೆಯ ಮೇಲೆ ಬಿಸಿನೀರು ಸಿಂಪಡಿಸುತ್ತಾರೆ. ಅಲ್ಲಿ ಸಿಕ್ಕ ತೆಳುರಸವನ್ನು ಅದರ ಹಿಂದಿನ ಗಿರಣಿಗೆ, ಅಲ್ಲಿಯದನ್ನು ಮತ್ತೂ ಹಿಂದಿನದಕ್ಕೆ ಹಾಯಿಸುತ್ತಾರೆ. ನಾರು ಮುಂದಕ್ಕೂ ರಸ ಹಿಂದಕ್ಕೂ ಸಾಗುವ ಈ ಎದುರುಹರಿವಿನಿಂದ ಕಬ್ಬಿನ ಸಕ್ಕರೆಯಲ್ಲಿ ಶೇ 93ರಿಂದ 96ರಷ್ಟು ರಸಕ್ಕೆ ಬರುತ್ತದೆ. ಉಳಿಯುವ ಸಿಪ್ಪೆ ಕಬ್ಬಿನ ತೂಕದ ಶೇ 30ರ ಆಸುಪಾಸು. ಅದರಲ್ಲಿ ಅರ್ಧ ನೀರು.

ತಿಳಿಗೊಳಿಸುವಿಕೆ: ಹೊಸ ರಸದ ಪಿಎಚ್ ಸುಮಾರು 5.2ರಿಂದ 5.5; ಬಣ್ಣ ಹಸಿರುಗಂದು. ಅದನ್ನು 70 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ ಸುಣ್ಣದ ಹಾಲನ್ನೂ ಗಂಧಕದ ಡೈಆಕ್ಸೈಡ್ ಅನಿಲವನ್ನೂ ಒಟ್ಟಿಗೆ ಬಿಡುತ್ತಾರೆ. ಕ್ಯಾಲ್ಸಿಯಂ ಸಲ್ಫೈಟ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಒತ್ತರಿಸಿ, ಮೇಣ, ಅಂಟು, ಪ್ರೋಟೀನು, ಮಣ್ಣುಗಳನ್ನು ಹಿಡಿದುಕೊಂಡು ಕೆಳಗಿಳಿಯುತ್ತವೆ. ಪಿಎಚ್ 7ರಿಂದ 7.2ರೊಳಗೆ ನಿಲ್ಲಬೇಕು. ಅದಕ್ಕಿಂತ ಕಡಿಮೆಯಾದರೆ ಸುಕ್ರೋಸ್ ಒಡೆಯುತ್ತದೆ, ಹೆಚ್ಚಾದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೆಟ್ಟು ರಸ ಕಪ್ಪಾಗುತ್ತದೆ. ಮತ್ತೆ 102ರಿಂದ 105 ಡಿಗ್ರಿಗೆ ಕಾಯಿಸಿದ ರಸ ತಿಳಿತೊಟ್ಟಿಯಲ್ಲಿ ಎರಡು ಮೂರು ಗಂಟೆ ನಿಧಾನವಾಗಿ ಹರಿಯುತ್ತದೆ. ಹೊಸ ಬಗೆಯ ತೊಟ್ಟಿಗಳಲ್ಲಿ ಒಂದು ಗಂಟೆಗೂ ಕಡಿಮೆ. ಮೇಲಿನಿಂದ ತಿಳಿರಸವೂ ತಳದಿಂದ ಮಡ್ಡಿಯೂ ಬಿಡುವಿಲ್ಲದೆ ಹೊರಬರುತ್ತವೆ. ಮಡ್ಡಿಯಲ್ಲಿ ಉಳಿದ ಸಕ್ಕರೆಯನ್ನು ತಿರುಗುವ ನಿರ್ವಾತ ಶೋಧಕದಲ್ಲಿ ತೊಳೆದು ವಾಪಸು ಸೇರಿಸುತ್ತಾರೆ.

ಆವೀಕರಣ: ತಿಳಿರಸದ ಬ್ರಿಕ್ಸ್ 15ರ ಸುತ್ತ. ಅದನ್ನು 60ಕ್ಕೆ ಏರಿಸಬೇಕಾದರೆ ರಸದ ತೂಕದ ಮುಕ್ಕಾಲು ಪಾಲನ್ನು ನೀರಾವಿಯಾಗಿ ತೆಗೆಯಬೇಕು. ಇದಕ್ಕೆ ನಾಲ್ಕೈದು ಪಾತ್ರೆಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಮೊದಲ ಪಾತ್ರೆಗೆ ಮಾತ್ರ ಹೊರಗಿನ ಉಗಿ. ಅಲ್ಲಿ ರಸದಿಂದ ಎದ್ದ ಆವಿಯೇ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಮುಂದೆ ಹೋದಂತೆ ಒತ್ತಡ ಇಳಿಯುವುದರಿಂದ ರಸ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಕೊನೆಯ ಪಾತ್ರೆಯಲ್ಲಿ 55ರಿಂದ 60 ಡಿಗ್ರಿ ಸಾಕು. ನಾಲ್ಕು ಪಾತ್ರೆಗಳ ಸರಣಿಯಲ್ಲಿ ಒಂದು ಕಿಲೊ ಉಗಿ ಸುಮಾರು ನಾಲ್ಕು ಕಿಲೊ ನೀರನ್ನು ಆವಿಯಾಗಿಸುತ್ತದೆ. 1840ರ ದಶಕದಲ್ಲಿ ಲೂಸಿಯಾನಾದ ನಾರ್ಬರ್ಟ್ ರಿಲಿಯೂ ಈ ಏರ್ಪಾಟಿಗೆ ಪೇಟೆಂಟ್ ಪಡೆದರು.

ಹರಳುಗಟ್ಟುವಿಕೆ: ಹೀಗೆ ಮಂದವಾದ ರಸಕ್ಕೆ, ಅಂದರೆ ಪಾಕಕ್ಕೆ, ಎರಡನೆಯ ಬಾರಿ ಗಂಧಕದ ಅನಿಲ ಕೊಟ್ಟು ನಿರ್ವಾತ ಪ್ಯಾನುಗಳಿಗೆ ಬಿಡುತ್ತಾರೆ. ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ 19ನೆಯ ಶತಮಾನದ ಆದಿಯಲ್ಲಿ ರೂಪಿಸಿದ ಈ ಪಾತ್ರೆಯಲ್ಲಿ ಪಾಕ 60ರಿಂದ 70 ಡಿಗ್ರಿಯಲ್ಲೇ ಕುದಿಯುತ್ತದೆ. ಪಾಕ ತಕ್ಕಷ್ಟು ಅತಿಸಂತೃಪ್ತವಾದಾಗ ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಹಾಕುತ್ತಾರೆ. ಸಾಂದ್ರತೆ ಕಡಿಮೆಯಾದರೆ ಬೀಜ ಕರಗಿಹೋಗುತ್ತದೆ. ಹೆಚ್ಚಾದರೆ ಬೇಡದ ಹೊಸ ಸಣ್ಣ ಹರಳುಗಳು ಹುಟ್ಟಿಕೊಂಡು ಮುಂದಿನ ಹಂತದ ಜಾಲರಿಯನ್ನು ಮುಚ್ಚಿಬಿಡುತ್ತವೆ. ಪ್ಯಾನ್ ನೋಡಿಕೊಳ್ಳುವ ಕೆಲಸಗಾರ ನಿರ್ವಾತ ಕೆಡದಂತೆ ಮಾದರಿ ಕೋಲನ್ನು ಒಳಕ್ಕೆ ತೂರಿಸಿ, ಒಂದಿಷ್ಟು ಪಾಕ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ ಬೆಳಕಿಗೆ ಹಿಡಿಯುತ್ತಾನೆ. ಹರಳುಗಳ ಅಂಚು ಚೂಪಾಗಿದೆಯೇ, ಎಲ್ಲವೂ ಒಂದೇ ಗಾತ್ರದವೇ, ನಡುವೆ ಧೂಳಿನಂಥ ಮಸುಕಿದೆಯೇ ಎಂದು ನೋಡಿ, ಪಾಕವನ್ನೋ ನೀರನ್ನೋ ಎಷ್ಟು ಬಿಡಬೇಕೆಂದು ತೀರ್ಮಾನಿಸುತ್ತಾನೆ. ಉಪಕರಣಗಳು ಬಂದ ಮೇಲೂ ಈ ಕಣ್ಣಳತೆ ಉಳಿದಿದೆ.

ಬೇರ್ಪಡಿಸುವಿಕೆ: ಹರಳು ಮತ್ತು ಪಾಕದ ಮಿಶ್ರಣವನ್ನು ರಭಸದಿಂದ ತಿರುಗುವ ಜಾಲರಿ ಬುಟ್ಟಿಗಳಿಗೆ ಸುರಿಯುತ್ತಾರೆ. ಪಾಕ ಹೊರಗೆ ಸಿಡಿದು ಹರಳು ಉಳಿಯುತ್ತದೆ. ಹೊರಬಂದ ಪಾಕವನ್ನು ಮತ್ತೆ ಕುದಿಸಿ ಹರಳುಗಟ್ಟಿಸುತ್ತಾರೆ. ಹೀಗೆ ಎ, ಬಿ, ಸಿ ಎಂಬ ಮೂರು ಸುತ್ತು. ಎ ಸುತ್ತಿನ ಹರಳೇ ಮಾರಾಟದ ಸಕ್ಕರೆ. ಬಿ ಮತ್ತು ಸಿ ಸುತ್ತಿನವು ಬೀಜವಾಗಿ ಅಥವಾ ಕರಗಿಸಿದ ಪಾಕವಾಗಿ ಹಿಂದಕ್ಕೆ ಹೋಗುತ್ತವೆ. ಗಿರಣಿಗಳಿಂದ ಬಂದ ಬೆರಕೆ ರಸದಲ್ಲಿ 80ರಿಂದ 85ರಷ್ಟಿದ್ದ ಶುದ್ಧತೆ ಅಂತಿಮ ಕಾಕಂಬಿಯಲ್ಲಿ 30ರಿಂದ 35ಕ್ಕೆ ಇಳಿದಾಗ, ಇನ್ನು ಹರಳು ತೆಗೆಯುವುದು ಲಾಭಕರವಲ್ಲ. ಸಕ್ಕರೆಯನ್ನು ಒಣಗಿಸಿ, ಜರಡಿ ಹಿಡಿದು, ಹರಳಿನ ಗಾತ್ರಕ್ಕೆ ತಕ್ಕಂತೆ ಎಲ್, ಎಂ, ಎಸ್ ಎಂದು ವಿಂಗಡಿಸಿ 50 ಕಿಲೊ ಚೀಲಗಳಿಗೆ ತುಂಬುತ್ತಾರೆ.

ನಿರಂತರತೆ ಮತ್ತು ನಿಯಂತ್ರಣ

ಸಕ್ಕರೆ ಕಾರ್ಖಾನೆ ಶುದ್ಧ ನಿರಂತರ ವ್ಯವಸ್ಥೆಯಲ್ಲ, ಮಿಶ್ರ ವ್ಯವಸ್ಥೆ. ಅರೆಯುವಿಕೆ, ತಿಳಿಗೊಳಿಸುವಿಕೆ ಮತ್ತು ಆವೀಕರಣ ನಿರಂತರ; ಪ್ಯಾನುಗಳು ಬಹುತೇಕ ಕಡೆ ತಂಡ ವಿಧಾನದವು. ಎರಡರ ನಡುವೆ ಪಾಕದ ತೊಟ್ಟಿಗಳು ಏರಿಳಿತವನ್ನು ನುಂಗಿಕೊಳ್ಳುತ್ತವೆ. ನಿರಂತರವಾಗಿ ಓಡುವ ಪ್ಯಾನುಗಳೂ ಬಂದಿವೆ. ಬಿ ಮತ್ತು ಸಿ ಸುತ್ತಿಗೆ ನಿರಂತರ ಬುಟ್ಟಿಯಂತ್ರಗಳು ಸಾಮಾನ್ಯ.

ಹಂತಗಳು ಸರಣಿಯಲ್ಲಿರುವುದರಿಂದ ಒಂದರ ತೊಡಕು ಎಲ್ಲಕ್ಕೂ ಹಬ್ಬುತ್ತದೆ. ಗಿರಣಿ ನಿಂತರೆ ಸಿಪ್ಪೆ ನಿಲ್ಲುತ್ತದೆ, ಸಿಪ್ಪೆ ನಿಂತರೆ ಬಾಯ್ಲರ್ ಉಗಿ ಇಳಿಯುತ್ತದೆ, ಉಗಿ ಇಳಿದರೆ ತಿಳಿರಸ ತೊಟ್ಟಿಯಲ್ಲಿ ತಂಗಿ ಕೆಡಲು ತೊಡಗುತ್ತದೆ. ಆವೀಕರಣ ಪಾತ್ರೆಗಳ ಕೊಳವೆಗಳಲ್ಲಿ ಕಟ್ಟುವ ಗಟ್ಟಿಪದರ ಉಷ್ಣದ ದಾಟುವಿಕೆಯನ್ನು ತಗ್ಗಿಸುವುದರಿಂದ ಆಗಾಗ ಸರಣಿಯನ್ನು ನಿಲ್ಲಿಸಿ ಶುದ್ಧಗೊಳಿಸಬೇಕಾಗುತ್ತದೆ. ಸಕ್ಕರೆಯ ನಷ್ಟವನ್ನು ಸಿಪ್ಪೆಯಲ್ಲಿ ಹೋದದ್ದು, ಮಡ್ಡಿಯಲ್ಲಿ ಹೋದದ್ದು, ಕಾಕಂಬಿಯಲ್ಲಿ ಹೋದದ್ದು ಮತ್ತು ಲೆಕ್ಕಕ್ಕೆ ಸಿಗದದ್ದು ಎಂದು ನಾಲ್ಕು ಬಾಬತ್ತಿನಲ್ಲಿ ಪ್ರತಿದಿನ ಬರೆದಿಡುತ್ತಾರೆ. ಇವುಗಳಲ್ಲಿ ಕಾಕಂಬಿಯ ಪಾಲೇ ದೊಡ್ಡದು.

ಬಗೆಗಳು

ಸಲ್ಫಿಟೇಶನ್ ವಿಧಾನ: ಮೇಲೆ ವಿವರಿಸಿದ ಕ್ರಮ ಇದು, ಭಾರತದ ಬಹುಪಾಲು ಕಾರ್ಖಾನೆಗಳದೂ ಇದೇ. ದೊರೆಯುವುದು ನೇರ ಬಿಳಿ ಸಕ್ಕರೆ.

ಕಾರ್ಬೊನೇಶನ್ ವಿಧಾನ: ಹೆಚ್ಚು ಸುಣ್ಣ ಹಾಕಿ ಇಂಗಾಲದ ಡೈಆಕ್ಸೈಡ್‌ನಿಂದ ಅದನ್ನು ಒತ್ತರಿಸುವ ಕ್ರಮ. ಸಕ್ಕರೆ ಹೆಚ್ಚು ಬೆಳ್ಳಗಿರುತ್ತದೆ, ಸುಣ್ಣದ ಖರ್ಚು ಜಾಸ್ತಿ.

ಶುದ್ಧೀಕರಣ: ಕಚ್ಚಾ ಸಕ್ಕರೆಯನ್ನು ಮತ್ತೆ ಕರಗಿಸಿ, ಬಣ್ಣ ತೆಗೆದು, ಎರಡನೆಯ ಬಾರಿ ಹರಳುಗಟ್ಟಿಸುವ ಕ್ರಮ.

ಆಲೆಮನೆ ವಿಧಾನ: ಮೂರು ತಾಲ್ಲೂಕುಗಳಲ್ಲೂ ಕಾರ್ಖಾನೆಗೆ ಸಮಾನಾಂತರವಾಗಿ ನಡೆದುಬಂದ ತಂಡ ವಿಧಾನ. ಗಾಣದಲ್ಲಿ ಹಿಂಡಿದ ರಸವನ್ನು, ಇಲ್ಲಿನ ಮಾತಿನಲ್ಲಿ ಕಬ್ಬಿನ ಹಾಲನ್ನು, ಕೊಪ್ಪರಿಗೆಗೆ ಸುರಿದು, ಒಣಗಿದ ಸಿಪ್ಪೆಯನ್ನೇ ಉರಿಸಿ ಕಾಯಿಸುತ್ತಾರೆ. ಸುಣ್ಣ ಹಾಕಿ ಹುಳಿ ತಗ್ಗಿಸುತ್ತಾರೆ. ಬೆಂಡೆ ಗಿಡದ ಲೋಳೆ ಹಾಕಿದರೆ ಕಲ್ಮಶ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾರೆ. ಉಕ್ಕು ತಡೆಯಲು ಹರಳೆಣ್ಣೆ. ಪಾಕ ಸುಮಾರು 115ರಿಂದ 118 ಡಿಗ್ರಿಗೆ ಬಂದಾಗ ಒಂದು ಚೂರನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಗಟ್ಟಿಯಾಗಿ ಉಂಡೆಕಟ್ಟಿದರೆ ಕೊಪ್ಪರಿಗೆಯನ್ನು ಇಳಿಸಿ, ತಿರುವಿ, ಅಚ್ಚಿಗೆ ಸುರಿಯುತ್ತಾರೆ. ಉಷ್ಣತೆ ಅದಕ್ಕಿಂತ ಕಡಿಮೆಯಿರುವಾಗಲೇ ಇಳಿಸಿದರೆ ಜೋನಿ ಬೆಲ್ಲ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ, ಪುಡಿ ಬೆಲ್ಲ ಇತರ ಬಗೆಗಳು. ಬೆಲ್ಲದಲ್ಲಿ ಹರಳು ಮತ್ತು ಕಾಕಂಬಿ ಬೇರೆಯಾಗುವುದಿಲ್ಲ. ಆದ್ದರಿಂದ ಖನಿಜಾಂಶ ಉಳಿಯುತ್ತದೆ. ಬಣ್ಣ ತಿಳಿಯಾಗಿಸಲು ಗಂಧಕದ ಲವಣಗಳನ್ನು ಬಳಸುವುದುಂಟು. ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ.

ಮದ್ಯಸಾರ ಮತ್ತು ಮುಂದಿನ ಸಂಶ್ಲೇಷಣೆ

ಅರೆದ ಕಬ್ಬಿನ ತೂಕದ ಶೇ 4ರಿಂದ 5ರಷ್ಟು ಕಾಕಂಬಿ ಬರುತ್ತದೆ. ಅದರ ತೂಕದ ಅರ್ಧದಷ್ಟು ಹುದುಗಬಲ್ಲ ಸಕ್ಕರೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಸುಕ್ರೋಸ್ ಮೊದಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ, ಅವು ಎಥನಾಲ್ (ಮದ್ಯಸಾರ) ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡುತ್ತವೆ. 100 ಕಿಲೊ ಗ್ಲೂಕೋಸ್‌ನಿಂದ ಸಿದ್ಧಾಂತದ ಪ್ರಕಾರ 51.1 ಕಿಲೊ ಎಥನಾಲ್ ಸಿಗಬೇಕು. ಕ್ರಿಯೆ ಶಾಖ ಬಿಡುವುದರಿಂದ ತೊಟ್ಟಿಯನ್ನು 30ರಿಂದ 33 ಡಿಗ್ರಿಯಲ್ಲಿ ಇಡಲು ತಂಪು ಮಾಡುತ್ತಲೇ ಇರಬೇಕು. ಸರಣಿಯಲ್ಲಿ ಜೋಡಿಸಿದ ಹಲವು ತೊಟ್ಟಿಗಳಲ್ಲಿ ನಿರಂತರವಾಗಿ ಹುದುಗಿಸುವ ಕ್ರಮವೂ ಉಂಟು.

ಹುದುಗಿದ ದ್ರವದಲ್ಲಿ ಶೇ 8ರಿಂದ 10 ಮದ್ಯಸಾರ. ಅದನ್ನು ಬಟ್ಟಿಯಿಳಿಸುವ ಗೋಪುರಗಳು ನಿರಂತರವಾಗಿ ಓಡುತ್ತವೆ: ನಡುವಿನಿಂದ ಒಳಬಂದ ದ್ರವ ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ, ಎದುರಿಗೆ ಆವಿ ಏರುತ್ತದೆ. ಹೀಗೆ ಶೇ 95ರ ಆಸುಪಾಸಿನವರೆಗೆ ಮಾತ್ರ ಏರಿಸಬಹುದು. ಆ ಬಿಂದುವಿನಲ್ಲಿ ನೀರು ಮತ್ತು ಎಥನಾಲ್ ಒಂದೇ ಅನುಪಾತದಲ್ಲಿ ಆವಿಯಾಗುತ್ತವೆ. ಉಳಿದ ನೀರನ್ನು ಜಿಯೊಲೈಟ್ ಕಣಗಳ ಸೂಕ್ಷ್ಮರಂಧ್ರಗಳಲ್ಲಿ ಹಿಡಿದಿಟ್ಟು ಶೇ 99.5ಕ್ಕಿಂತ ಶುದ್ಧ ಎಥನಾಲ್ ಪಡೆಯುತ್ತಾರೆ. ಪೆಟ್ರೋಲಿಗೆ ಬೆರೆಸುವುದು ಇದನ್ನೇ.

ಮದ್ಯಸಾರದಿಂದ ಮುಂದಕ್ಕೆ ಸಾಗುವ ರಾಸಾಯನಿಕ ಮಾರ್ಗ ಹೀಗಿದೆ: ಎಥನಾಲ್ ಉತ್ಕರ್ಷಣೆಯಿಂದ ಅಸಿಟಾಲ್ಡಿಹೈಡ್, ಅದರಿಂದ ಅಸಿಟಿಕ್ ಆಮ್ಲ, ಅದರಿಂದ ಅಸಿಟಿಕ್ ಅನ್‌ಹೈಡ್ರೈಡ್; ಅದು ಸೆಲ್ಯುಲೋಸ್‌ನೊಂದಿಗೆ ವರ್ತಿಸಿದರೆ ಸೆಲ್ಯುಲೋಸ್ ಅಸಿಟೇಟ್. 1960ರ ದಶಕದಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಕಂಪನಿ ಸೆಲ್ಯುಲೋಸ್ ಅಸಿಟೇಟನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ.

ಇತರ ಉಪ ಉತ್ಪನ್ನಗಳು

ಸಿಪ್ಪೆ ಬಾಯ್ಲರಿನ ಇಂಧನ. ಒಂದು ಟನ್ ಸಿಪ್ಪೆಯಿಂದ ಎರಡು ಟನ್ನಿಗೂ ಹೆಚ್ಚು ಉಗಿ ಸಿಗುತ್ತದೆ. ಹೆಚ್ಚು ಒತ್ತಡದ ಉಗಿ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ ಕೊಟ್ಟು, ನಂತರ ಆವೀಕರಣಕ್ಕೆ ಹೋಗುತ್ತದೆ. ಇದನ್ನು ಸಹವಿದ್ಯುತ್ ಎನ್ನುತ್ತಾರೆ. ಕಾಗದದ ತಿರುಳಿಗೂ ಸಿಪ್ಪೆ ಒದಗುತ್ತದೆ. ಜಿಲ್ಲೆಯ ಬೆಳಗೊಳದಲ್ಲಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಅದನ್ನು ಬಳಸಿತ್ತು. ಮಡ್ಡಿ ಗೊಬ್ಬರವಾಗಿ ಗದ್ದೆಗೆ ಮರಳುತ್ತದೆ. ಒಂದು ಲೀಟರ್ ಮದ್ಯಸಾರಕ್ಕೆ ಹಳೆಯ ಕ್ರಮದಲ್ಲಿ 12ರಿಂದ 15 ಲೀಟರ್ ಕಂದು ತ್ಯಾಜ್ಯದ್ರವ ಉಳಿಯುತ್ತಿತ್ತು. ಸಾವಯವ ಹೊರೆ ತುಂಬಾ ಹೆಚ್ಚಿರುವ ಇದನ್ನು ಶುದ್ಧೀಕರಿಸದೆ ಹೊಳೆ, ಕೆರೆಗಳಿಗೆ ಬಿಟ್ಟರೆ ನೀರಿನ ಆಮ್ಲಜನಕ ಬರಿದಾಗುತ್ತದೆ. ಇದರಿಂದ ಜೈವಿಕ ಅನಿಲ ಪಡೆಯುವುದು, ಇದನ್ನು ಮಂದಗೊಳಿಸಿ ಉರಿಸುವುದು, ಮಡ್ಡಿಯೊಂದಿಗೆ ಕೊಳೆಸಿ ಗೊಬ್ಬರ ಮಾಡುವುದು ಚಾಲ್ತಿಯಲ್ಲಿರುವ ಪರಿಹಾರಗಳು.

ಸಂಬಂಧಿತ ನಿರಂತರ ವ್ಯವಸ್ಥೆ: ತೊರೆಕಾಡನಹಳ್ಳಿ

ಮಳವಳ್ಳಿ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆಯಿಲ್ಲ. ಇಲ್ಲಿನ ಕಬ್ಬು ನೆರೆಯ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಹೋಗುತ್ತದೆ. ಆದರೆ ಹರಿವಿನಲ್ಲೇ ನಡೆಯುವ ಬಹುಹಂತ ರಾಸಾಯನಿಕ ಕ್ರಿಯೆಯ ಇನ್ನೊಂದು ದೊಡ್ಡ ಉದಾಹರಣೆ ಈ ತಾಲ್ಲೂಕಿನ ತೊರೆಕಾಡನಹಳ್ಳಿಯ ನೀರು ಶುದ್ಧೀಕರಣ ಘಟಕಗಳು. ಶಿವನಸಮುದ್ರದ ಬಳಿ ತಿರುಗಿಸಿದ ಕಾವೇರಿ ನೀರು ನೆಟ್ಕಲ್ ಜಲಾಶಯದ ಮೂಲಕ ಇಲ್ಲಿಗೆ ಬರುತ್ತದೆ. ಗಾಳಿಯಾಡಿಸುವುದು, ಅಲ್ಯುಮಿನಿಯಂ ಲವಣದಿಂದ ಕೆಸರನ್ನು ಗುಪ್ಪೆಗಟ್ಟಿಸುವುದು, ತಿಳಿಗೊಳಿಸುವುದು, ಮರಳಿನಲ್ಲಿ ಶೋಧಿಸುವುದು, ಕ್ಲೋರಿನ್ ಸೇರಿಸುವುದು ಇಲ್ಲಿನ ಹಂತಗಳು. ಬಳಿಕ ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮೇಲೆತ್ತಿ ಬೆಂಗಳೂರಿಗೆ ಕಳಿಸುತ್ತಾರೆ. ಮೊದಲ ಹಂತ 1974ರಲ್ಲಿ ಆರಂಭವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

ಹರಿವಿನ ಸಂಶ್ಲೇಷಣೆಯೊಂದಿಗೆ ಸಂಬಂಧ

ಸಕ್ಕರೆ, ಮದ್ಯಸಾರ, ಪೆಟ್ರೋಲಿಯಂನಂಥ ದೊಡ್ಡ ಗಾತ್ರದ ಉದ್ಯಮಗಳಲ್ಲಿ ಹಳೆಯದಾದ ನಿರಂತರ ಕ್ರಮ, ಔಷಧಗಳಂಥ ಸಂಕೀರ್ಣ ಅಣುಗಳ ತಯಾರಿಕೆಗೆ ಕಾಲಿಟ್ಟದ್ದು ಮುಖ್ಯವಾಗಿ 21ನೆಯ ಶತಮಾನದಲ್ಲಿ. ಇಲ್ಲಿ ಪಾತ್ರೆಯ ಬದಲು ಮಿಲಿಮೀಟರ್ ಅಗಲದ ಕೊಳವೆಗಳಿರುತ್ತವೆ. ಪಂಪುಗಳು ಕಚ್ಚಾವಸ್ತುಗಳನ್ನು ತಳ್ಳುತ್ತವೆ. ಒಂದು ಹಂತದ ಉತ್ಪನ್ನವನ್ನು ಬೇರ್ಪಡಿಸಿ ಇಡದೆ ನೇರವಾಗಿ ಮುಂದಿನ ಹಂತಕ್ಕೆ ಹರಿಸುತ್ತಾರೆ. ಕೊಳವೆ ಸಣ್ಣದಾದ್ದರಿಂದ ಶಾಖ ಬೇಗ ಹೊರಹೋಗುತ್ತದೆ. ಅಪಾಯಕಾರಿ ಮಧ್ಯವರ್ತಿ ಪದಾರ್ಥ ಯಾವ ಕ್ಷಣದಲ್ಲೂ ಅಲ್ಪ ಪ್ರಮಾಣದಲ್ಲಷ್ಟೇ ಇರುತ್ತದೆ. ಜರ್ಮನಿಯಲ್ಲಿ ಪೀಟರ್ ಸೀಬರ್ಗರ್ ಮತ್ತು ಫ್ರಾಂಸ್ವಾ ಲೆವೆಸ್ಕ್ 2012ರಲ್ಲಿ ಬೆಳಕು ಮತ್ತು ಆಮ್ಲಜನಕವನ್ನು ಬಳಸಿ ಮಲೇರಿಯಾ ಔಷಧ ಆರ್ಟಿಮಿಸಿನಿನ್ ಅನ್ನು ಹರಿವಿನಲ್ಲಿ ತಯಾರಿಸಿದರು; ಅದಕ್ಕೂ ಮೂಲವಸ್ತು ಗಿಡದಲ್ಲಿ ಸಿಗುವ ಆಮ್ಲವೇ. 2013ರಲ್ಲಿ ಅಮೆರಿಕದ ಎಂಐಟಿ ಮತ್ತು ನೊವಾರ್ಟಿಸ್ ಸಂಶೋಧಕರು ರಕ್ತದೊತ್ತಡದ ಔಷಧ ಅಲಿಸ್ಕಿರೆನ್ ಅನ್ನು ಮಧ್ಯವರ್ತಿ ಪದಾರ್ಥದಿಂದ ಮಾತ್ರೆಯವರೆಗೆ ಒಂದೇ ಸಾಲಿನಲ್ಲಿ ತಯಾರಿಸಿ ತೋರಿಸಿದರು. ಔಷಧಗಳ ನಿರಂತರ ತಯಾರಿಕೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ 2022ರಲ್ಲಿ ಅಂಗೀಕಾರವಾಯಿತು. ವಾಸಕಾಲ, ಸ್ಥಿರಸ್ಥಿತಿ, ಕೊಳವೆ ಕಟ್ಟಿಕೊಳ್ಳುವಿಕೆ, ಹರಳುಗಟ್ಟುವ ಹಂತವನ್ನು ನಿರಂತರವಾಗಿಸುವ ಕಷ್ಟ: ಈ ಸಮಸ್ಯೆಗಳು ಎರಡು ಕ್ಷೇತ್ರಗಳಿಗೂ ಸಮಾನ.

ಇಂದಿನ ಸ್ಥಿತಿ

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಮಂಡ್ಯದ ಮೈಷುಗರ್, ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯ ಚಾಮುಂಡೇಶ್ವರಿ ಮತ್ತು ಕೊಪ್ಪದ ಎನ್‌ಎಸ್‌ಎಲ್, ಪಾಂಡವಪುರದ ಸಹಕಾರಿ ಕಾರ್ಖಾನೆ ಹಾಗೂ ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕೋರಮಂಡಲ್. ಕೆಲವು ವರ್ಷ ನಿಂತಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಪಾಂಡವಪುರದ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಸಂಸ್ಥೆಗೆ ಗುತ್ತಿಗೆಗೆ ಕೊಡಲಾಯಿತು. ಉತ್ತರ ಕರ್ನಾಟಕದ ಕಾರ್ಖಾನೆಗಳು ಸಾಮಾನ್ಯವಾಗಿ ದೀಪಾವಳಿಯ ಸುಮಾರಿಗೆ ಅರೆಯಲು ತೊಡಗಿದರೆ, ಈ ಸೀಮೆಯವು ಮಳೆಗಾಲದಲ್ಲೇ ಆರಂಭಿಸುತ್ತವೆ. ಇಲ್ಲಿನ ಇಳುವರಿ ಬೆಳಗಾವಿ ಸೀಮೆಗಿಂತ ಕಡಿಮೆ.

ಇಳುವರಿ ರೈತರ ಹಣಕ್ಕೂ ಅಳತೆಗೋಲು. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ನಿಗದಿಪಡಿಸಿದ ನ್ಯಾಯಸಮ್ಮತ ಬೆಲೆ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಶೇ 9.5 ಮತ್ತು ಅದಕ್ಕಿಂತ ಕಡಿಮೆ ಇಳುವರಿಗೆ 329.05 ರೂಪಾಯಿ. ಕಟಾವಿನ ಸರದಿ ತಡವಾಗಿ ಕಬ್ಬು ಒಣಗಿದರೆ ತೂಕವೂ ಇಳುವರಿಯೂ ಇಳಿದು ನಷ್ಟ ಗದ್ದೆ, ಕಾರ್ಖಾನೆ ಎರಡಕ್ಕೂ ತಟ್ಟುತ್ತದೆ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಕಬ್ಬಿನ ರಸ ಮತ್ತು ಬಿ ಸುತ್ತಿನ ಕಾಕಂಬಿಯಿಂದ ನೇರವಾಗಿ ಎಥನಾಲ್ ತಯಾರಿಸಲು ದಾರಿ ತೆರೆಯಿತು. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಇದರಿಂದ ಹಂತಗಳ ಸರಣಿಯನ್ನು ಯಾವ ಬಿಂದುವಿನಲ್ಲಿ ಕವಲೊಡೆಸಬೇಕು, ಎಷ್ಟನ್ನು ಹರಳಾಗಿಸಬೇಕು, ಎಷ್ಟನ್ನು ಹುದುಗಿಸಬೇಕು ಎಂಬುದು ಬೆಲೆ ಮತ್ತು ನೀತಿಗೆ ತಕ್ಕಂತೆ ಬದಲಾಗುವ ತೀರ್ಮಾನವಾಗಿದೆ. ಬೆಲ್ಲವನ್ನು ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಡಿ ಮಂಡ್ಯಕ್ಕೆ ಗುರುತಿಸಲಾಗಿದೆ. ಈ ಎಲ್ಲ ಉತ್ಪನ್ನಗಳ ಒಟ್ಟು ಪ್ರಮಾಣ ಕೊನೆಗೆ ನಿಲ್ಲುವುದು ವಿಶ್ವೇಶ್ವರಯ್ಯ ನಾಲೆಗೆ ಹರಿಯುವ ನೀರಿನ ಮೇಲೆ. ಕಾವೇರಿ ಕೊಳ್ಳದಲ್ಲಿ ಮಳೆ ಕೊರತೆಯಾದ ವರ್ಷಗಳಲ್ಲಿ ನಾಲೆಗೆ ನೀರು ತಗ್ಗಿ ಕಬ್ಬಿನ ವಿಸ್ತೀರ್ಣ ಇಳಿಯುತ್ತದೆ. ಮರುವರ್ಷ ಗಿರಣಿಗಳು ಸಾಮರ್ಥ್ಯಕ್ಕಿಂತ ಕಡಿಮೆ ದಿನ ಓಡುತ್ತವೆ.